ಪೆಟಗಿ ಬಡದು ಬಾಜಾ ಗುರ್ತು ಹಿಡಿದದ್ದು, ಅದಕ್ಕ ಮೀಸಿ ಪಣಕ್ಕ ಇಟ್ಟದ್ದು

ಇಂಥಾ ಮೋಜಿನ ಸಂಗತಿ ನನ್ನ ಮನಿ ವಿಳಾಸ ಕೇಳ್ಕೋತ ತಾವ ಬರತಾವ. ನಾ ಸಾಲಿ ಮೆಟ್ಲ ಹತ್ತಿದವ ಅಲ್ಲ. ಆದ್ರ ಎಪ್ಪತ್ತು ಎಂಬತ್ತರ ಕಾಲದಾಗ ಗಡಹಿಂಗ್ಲಜದಿಂದ ಕೊಲ್ಹಾಪುರದ ತನಕ ಯಾರಿಗೆ ಹಳೇ ಹಾಡಿನ ಪೆಟಗಿ ಸಿಕ್ಕರೂ ‘ಇದು ಯಾವ ನಮೂನಿದು’ ಅಂತ ನನ್ನ ಕಡೆನ ಬರತಿದ್ರು. ಎರಡ ಸಲ ಬಡದು ಕಿವಿ ಹಚ್ಚಿದ್ರ ಸಾಕು, ಒಳಗಿನ ಸ್ಕ್ರೂ ಸೈತ ತನ್ನ ಹೆಸರು ಹೇಳತಿತ್ತು.

ಆಗ ನನ್ನ ಮೀಸಿ ಕಿವಿಗೆ ಎರಡ ಸುತ್ತು ಹಾಕುವಷ್ಟು ಇತ್ತು. ನಮ್ಮ ಓಣಿ ಕಟಿಂಗ್ ಅಂಗಡಿಯವಂಗ ಅದರ ಮ್ಯಾಲ ಕಣ್ಣು.

“ಮೂರ ಊರಾಗ ಮೂರ ಪೆಟಗಿ. ಒಂದ ತಪ್ಪಿದ್ರೂ ಮೀಸಿ ನಂದು,” ಅಂದ.

“ತಪ್ಪಲಿಲ್ಲಂದ್ರ ನಿಂದ ತಗೀಬೇಕು,” ಅಂದೆ.

ಅವತ್ತಿನಿಂದ ನಾ ಹೋದಲ್ಲಿ ಅವ ಕತ್ತಿ ಚೀಲಾ ಹಿಡಕೊಂಡ ಬೆನ್ನ ಹಿಂದ.

ಅಜ್ಜಿ ಕೂತ ಪೆಟಗಿ

ಗಡಹಿಂಗ್ಲಜದಾಗ ಒಬ್ಬ ಜೈನ ವ್ಯಾಪಾರಿ ಮನಿ. ಅವರ ಅಜ್ಜಿ ದಿನಾ ಒಂದ ಕಟಗಿ ಪೆಟಗಿ ಮ್ಯಾಲ ಕೂತು ಜಪಾ ಮಾಡ್ತಿದ್ಲು.

“ಅರಿವಿ ಪೆಟಗಿ ರೀ. ಇಲಿ ತೂತ ಮಾಡೈತಿ, ಚಿಂದಿ ತುರಕೇವಿ,” ಅಂದ ವ್ಯಾಪಾರಿ.

ನಾ ಬಡದೆ. “ಇಲಿ ತೂತಿಗೆ ಹಿತ್ತಾಳಿ ಬಳಿ ಯಾಕ ಹಾಕ್ತೈತ್ರಿ? ಇದು ಹ್ಯಾಂಡಲ್ ತಿರುವೂ ಗ್ರಾಮಫೋನ್.”

ಅಜ್ಜಿ ಏಳಾಕ ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಚಿಂದಿ ಎಳದು, ಅಟ್ಟದ ಮ್ಯಾಲ ಬಿದ್ದಿದ್ದ ಹ್ಯಾಂಡಲ್ ತರಿಸಿ, ಆಕಿ ಕೂತಂಗ ತಿರುವಿದೆ. ಸ್ಪ್ರಿಂಗ್ ಎಚ್ಚರಾಗಿ ‘ಗುರ್ರ್’ ಅಂತು. ಮಂದಿ ಎಲ್ಲಾ ಅಜ್ಜಿ ಕಡೆ ನೋಡಿದ್ರು.

ಅಜ್ಜಿ ಜಪಾ ನಿಲ್ಲಿಸಿ ಅಂದ್ಲು, “ನನ್ನ ಹೊಟ್ಟಿ ಅಲ್ರಪಾ, ಮುಂಜಾನಿ ಬರೇ ಗಂಜಿ ಕುಡದೇನಿ.”

ಹರದ ಎಳಿ

ಇಚಲಕರಂಜಿಯೊಳಗ ಒಬ್ಬ ಪವರ್‌ಲೂಮ್ ಸಾವಕಾರ ಮುಂಬೈಯಿಂದ ರೆಕಾರ್ಡ್ ಪ್ಲೇಯರ್ ತಂದಿದ್ದ. ಒಂದ ಹಾಡು ಮುಗದ ಕೂಡಲೇ ಅದು ತಾನ ನಿಲ್ಲತಿತ್ತು. ಇವ ಓಡಿ ಹೋಗಿ ಬಟನ್ ಬಂದ್ ಮಾಡ್ತಿದ್ದ. ಮಗ್ಗ ತಾನ ನಿಂತ್ರ ನೂಲು ಹರದೈತಿ ಅಂತ ಅರ್ಥ ನೋಡ್ರಿ. ನಾವು ಹೋದಾಗ ಕನ್ನಡಕಾ ಹಾಕ್ಕೊಂಡು ಹಾಡಿನ ಪ್ಲೇಟಿನಾಗ ಹರದ ಎಳಿ ಹುಡುಕಾಕತ್ತಿದ್ದ.

ನಾ ಹೊಸ್ತಲದಾಗ ನಿಂತು ಹೇಳಿದೆ, “ನಡುವಿನ ಕಂಬಿ ಉದ್ದ ಐತಿ. ಚೇಂಜರ್ ಇದು. ಪ್ಲೇಟ ಒಂದರ ಮ್ಯಾಲ ಒಂದ ಇಡ್ರಿ, ಮತ್ತ ಮುಟ್ಟಬ್ಯಾಡ್ರಿ.”

ಹಾಡು ಮುಗೀತು. ಮುಳ್ಳಿನ ಕೈ ತಾನ ಸರೀತು, ಮ್ಯಾಲಿನ ಪ್ಲೇಟ ಟಪ್ ಅಂತ ಬಿತ್ತು, ಮುಂದಿನ ಹಾಡು ಶುರು. ಕಟಿಂಗಿನವ ಕತ್ತಿ ಚೀಲದಾಗ ಇಟ್ಟ.

ಸಾವಕಾರ ನನ್ನ ಕೈ ಹಿಡದ. “ಇದನ್ನ ನನ್ನ ಮಗ್ಗದ ಮಂದಿಗೆ ಕಲಸ್ರಿ. ತಾವ ನಿಂದ್ರೂದು ಕಲತಾರ, ತಾವ ಶುರು ಆಗೂದು ಇನ್ನೂ ಬಂದಿಲ್ಲ.”

ಬಿಸ್ಕೀಟ ಕಪಾಟು

ಉಳದದ್ದು ಕೊಲ್ಹಾಪುರ. ಈ ಸಲ ಕಟಿಂಗಿನವ ಟಾವೆಲಿನಿಂದ ನನ್ನ ಕಣ್ಣ ಕಟ್ಟಿ ಒಂದ ಚಹಾದ ಹೋಟೆಲಿಗೆ ಕರಕೊಂಡ ಹೋದ.

ಬಡದೆ. ಸವರಿದೆ. ಬಾಗಿದ ಗಾಜು, ಕೆಳಗ ಗುಂಡಿಗಳ ಸಾಲು. “ಜೂಕ್‌ಬಾಕ್ಸ್. ನಾಣ್ಯ ಹಾಕಿ ಗುಂಡಿ ಒತ್ತಿದ್ರ ತಾನ ಪ್ಲೇಟ ಆರಿಸಿ ಹಾಡೂದು.”

ಹೋಟೆಲ ನಕ್ಕಿತು. “ಅಹೋ ಮಾಮಾ, ಹೇ ಬಿಸ್ಕಿಟಾಚಂ ಕಪಾಟ ಆಹೇ,” ಅಂದ ಮಾಲಕ, ಇದು ಬಿಸ್ಕೀಟ ಕಪಾಟ ಅಂತ. ಹೋಟೆಲ ಕೊಂಡಾಗಿನಿಂದ ಅವ ಅದರಾಗ ಖಾರಿ ಬಿಸ್ಕೀಟನ ತುಂಬತಿದ್ದ.

“ಮೊನ್ನೆ ನಾನ ಇದರಾಗಿನ ಖಾರಿ ತಿಂದೇನಿ. ಕೂಡ್ರು, ಮಾಮಾ,” ಅಂತ ಕಟಿಂಗಿನವ ಕಣ್ಣಿನ ಟಾವೆಲ ಬಿಚ್ಚಿ, ನನ್ನ ಕೂಡ್ರಿಸಿ ಸಾಬೂನ ಹಚ್ಚಿದ.

ನೊರಿ ಒಳಗಿಂದನ ಒದರಿದೆ, “ಹಿಂದಿನ ವಾಯರ್ ಹಚ್ಚ್ರಿ, ನಾಣ್ಯ ಹಾಕಿ ಗುಂಡಿ ಒತ್ತ್ರಿ.”

ಮಾಲಕ ಚೇಷ್ಟಾಕ್ಕ ಹಚ್ಚಿ ಒತ್ತಿದ. ಕೆಂಪು, ಹಳದಿ ದೀಪ ಹತ್ತಿದವು. ಪ್ಲೇಟ ತಿರಗಾಕ ಹತ್ತಿತು, ಅದರ ಮ್ಯಾಲಿನ ಖಾರಿ ಗಾಜಿಗೆ ಪಟಪಟ ಹಾರಿದವು, ಒಳಗಿಂದ ಒಬ್ಬಾಕಿ ಲಾವಣಿ ಎತ್ತಿದ್ಲು. ಮಂದಿ ಬಶಿ ಹಿಡಕೊಂಡ ಎದ್ದು ನಿಂತ್ರು. ಕಟಿಂಗಿನವ ಬೆಚ್ಚಿಬಿದ್ದ, ಕತ್ತಿ ಸರಕ್ಕನ ಜಾರಿತು. ಗೆದ್ದವ ನಾನು, ಅರ್ಧ ಮೀಸಿ ಹೋದದ್ದೂ ನಂದು.

ಕಟಿಂಗಿನವ ಮಾತಿಗೆ ತಪ್ಪಲಿಲ್ಲ, ತನ್ನ ಮೀಸಿನೂ ತಗದ. ಚಂದ ಕಾಣಲಿ ಅಂತ ನನ್ನ ಉಳದ ಅರ್ಧಾನೂ ತಗದ.

ಎದಿ ಉಬ್ಬಿಸ್ಕೊಂಡ ಮನಿಗೆ ಬಂದೆ. ಬಾಗಲಾ ತಗದ ಹೆಂಡತಿ ಸೆರಗ ಸರಿ ಮಾಡ್ಕೊಂಡ್ಲು. “ಯಾರ ಬೇಕಾಗಿತ್ರಿ? ನಮ್ಮವರು ಕೊಲ್ಹಾಪುರಕ್ಕ ಹೋಗ್ಯಾರ.”

“ಲೇ, ನಾನ ಬಂದೇನಿ.”

ಆಕಿ ಮುಂದ ಬಂದ್ಲು. ನನ್ನ ತಲಿ ಎರಡ ಸಲ ಬಡದು, ಕಿವಿ ಹಚ್ಚಿ ಕೇಳಿದ್ಲು.

“ಹೌದು, ನಮ್ಮವರ,” ಅಂದ್ಲು. “ಒಳಗ ಏನೂ ಇಲ್ಲ.”