ಹೀರೋ ಇಲ್ಲದ ಪಿಕ್ಚರುಗಳೂ ನಮ್ಮತ್ತೆಯೂ

ವರ್ತೂರಿನಲ್ಲಿ ನಮ್ಮತ್ತೆಯನ್ನು ದೂರದಿಂದ ಕಂಡ ಕೂಡಲೇ ಪಕ್ಕದ ಗಲ್ಲಿಗೆ ತಿರುಗಿಕೊಳ್ಳುವ ಜನ ಬಹಳ ಇದ್ದಾರೆ. ಹಾಗೆಂದು ನನ್ನ ಈ ಸೋದರತ್ತೆ ಜಗಳಗಂಟಿಯಲ್ಲ, ಚಾಡಿ ಹೇಳುವವಳೂ ಅಲ್ಲ. ಅವಳು ಕೇಳುವುದು ಒಂದೇ ಪ್ರಶ್ನೆ. “ನಾನ್ ಏಳಿದ್ ಪಿಕ್ಚರ್ ನೋಡಿದ್ಯಾ?”

ಪಿಕ್ಚರ್ ಎಂದರೆ ನೀವು ಅಂದುಕೊಂಡ ಪಿಕ್ಚರಲ್ಲ ಸ್ವಾಮಿ! ಅದರಲ್ಲಿ ಹೀರೋ ಇರುವುದಿಲ್ಲ, ಹಾಡು, ಫೈಟು ಯಾವುದೂ ಇರುವುದಿಲ್ಲ. ಅವಳು ನೋಡುವುದು ಸಾಕ್ಷ್ಯಚಿತ್ರಗಳನ್ನು. ಇರುವೆಗಳ ಸಂಸಾರದ ಮೇಲೊಂದು, ಸಮುದ್ರದ ನಡುವೆ ದೀಪಸ್ತಂಭ ಕಾಯುವ ಮುದುಕನ ಮೇಲೊಂದು, ಯಾವುದೋ ಹಿಮದ ದೇಶದಲ್ಲಿ ನಾಯಿಗಾಡಿ ಓಡಿಸಿಕೊಂಡು ಕಾಗದ ಹಂಚುವ ಹೆಂಗಸಿನ ಮೇಲೊಂದು. ಸೊಪ್ಪಿನವಳಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವಳು ಇವನ್ನು ಶಿಫಾರಸು ಮಾಡುತ್ತಾಳೆ. ಮುಂದಿನ ಸಲ ಸಿಕ್ಕಾಗ ಪರೀಕ್ಷೆಯೂ ಉಂಟು!

ಈ ರೋಗ ಹತ್ತಿಸಿದ್ದು ಅತ್ತೆಯ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಸಾಫ್ಟ್‌ವೇರ್ ಹುಡುಗಿ. ಮನೆ ಖಾಲಿ ಮಾಡುವಾಗ ಒಂದು ಹಾರ್ಡ್ ಡಿಸ್ಕ್ ತುಂಬ ಸಾಕ್ಷ್ಯಚಿತ್ರಗಳನ್ನು ಕೊಟ್ಟು, ಟಿವಿಗೆ ಚುಚ್ಚುವುದು ಹೇಗೆಂದು ಕಲಿಸಿ ಹೋದಳು. ಬೇರೆಯವರು ಹೋಗುವಾಗ ಬಕೆಟ್ಟು, ಮಗ್ಗು ಬಿಟ್ಟುಹೋಗುತ್ತಾರೆ. ಇವಳು ನಮ್ಮ ಕುಟುಂಬಕ್ಕೆ ಇಷ್ಟು ದೊಡ್ಡ ಗಂಡಾಂತರವನ್ನು ಬಿಟ್ಟುಹೋದಳು.

ಅತ್ತೆ ಓದಿದ್ದು ಏಳನೇ ಕ್ಲಾಸು. ಪಿಕ್ಚರುಗಳೆಲ್ಲ ಇಂಗ್ಲಿಷು. ಹಾಗಂತ ಅವಳು ಬಿಟ್ಟಾಳೆಯೇ? ಸೌಂಡ್ ಪೂರ್ತಿ ಇಳಿಸಿ, ತಾನೇ ಕನ್ನಡದಲ್ಲಿ ವಿವರಣೆ ಕೊಡತೊಡಗಿದಳು. ಅವಳ ಪ್ರಕಾರ ಆ ದೀಪಸ್ತಂಭದ ಮುದುಕ ಸೊಸೆಯ ಜೊತೆ ಜಗಳವಾಡಿಕೊಂಡು ಮನೆ ಬಿಟ್ಟು ಬಂದವನು. ನಾನು ಒಮ್ಮೆ ಸೌಂಡ್ ಏರಿಸಿ, ಕೇಳಿ, ತಿದ್ದಲು ಹೋದೆ.

“ಅತ್ತೆ, ಅವನಿಗೆ ಮದುವೇನೇ ಆಗಿಲ್ಲವಂತೆ.”

“ಅಂಗಂತ ಅವ್ನು ಏಳ್ತಾನೆ ಕಣೆ. ಮುಖ ನೋಡು, ಗೊತ್ತಾಗಲ್ವಾ?”

ನೋಡಿದೆ. ನಿಜ ಹೇಳುತ್ತೇನೆ, ನನಗೂ ಅನುಮಾನ ಬಂತು!

ಮನೆ ಬಾಡಿಗೆಗೆ ಕೇಳಿಕೊಂಡು ಬಂದವರ ಜಾತಿ, ಊಟ, ಕಂಪನಿ ಯಾವುದನ್ನೂ ಅತ್ತೆ ವಿಚಾರಿಸುವುದಿಲ್ಲ. ಟಿವಿ ಮುಂದೆ ಕೂರಿಸಿ ಇರುವೆಯ ಪಿಕ್ಚರ್ ಹಾಕುತ್ತಾಳೆ. ನಡುವೆ ಮೊಬೈಲ್ ತೆಗೆದವರಿಗೆ ಮನೆಯಿಲ್ಲ, ಅಷ್ಟೇ. ಒಬ್ಬ ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿಪಾಳಿ ಮುಗಿಸಿ ನೇರ ಮನೆ ನೋಡಲು ಬಂದಿದ್ದ. ಇರುವೆಗಳು ಇನ್ನೂ ಗೂಡಿನಿಂದ ಹೊರಗೆ ಬಂದಿರಲಿಲ್ಲ, ಅವನು ಸೋಫಾದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯತೊಡಗಿದ. ಇವನ ಕಥೆ ಮುಗಿಯಿತು ಎಂದುಕೊಂಡೆ. ಅತ್ತೆ ಅವನಿಗೇ ಮನೆ ಕೊಟ್ಟಳು!

“ಗೊತ್ತಿಲ್ದೋರ ಮನೇಲಿ ಅಷ್ಟು ನಂಬ್ಕೊಂಡು ಮಲ್ಗವ್ನೆ. ಒಳ್ಳೆ ಮನ್ಸ ಇರ್ಬೇಕು” ಎಂದಳು.

ಇನ್ನು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಅಮ್ಮ ಎರಡು ವಾರ ಮುಂಚೆಯೇ ಅತ್ತೆಯ ಹತ್ತಿರ ಪಿಕ್ಚರಿನ ಬಗ್ಗೆ ಬಾಯಿ ಬಿಡುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದಳು. ಅತ್ತೆ ಉಪ್ಪಿಟ್ಟು ಮುಗಿಯುವವರೆಗೆ ತಡೆದಳು. ಕಾಫಿ ಬರುವಷ್ಟರಲ್ಲಿ ತಡೆಯಲಾಗಲಿಲ್ಲ. ಹುಡುಗನ ಕಡೆ ಬಗ್ಗಿ ಕೇಳಿಯೇಬಿಟ್ಟಳು.

“ನಿಮ್ಗೆ ಇರ್ವೆ ಇಷ್ಟಾನಾ?”

ಹುಡುಗ ತನ್ನ ಖಾಲಿ ತಟ್ಟೆಯನ್ನು ಗಾಬರಿಯಿಂದ ನೋಡಿಕೊಂಡ. “ಯಾಕೆ ಆಂಟಿ, ಉಪ್ಪಿಟ್ಟಲ್ಲಿ ಬಿದ್ದಿತ್ತಾ?”

ಆ ಸಂಬಂಧ ಮುಂದುವರಿಯಲಿಲ್ಲ. ಅಮ್ಮ ಅತ್ತೆಯ ಜೊತೆ ಮೂರು ವಾರ ಮಾತು ಬಿಟ್ಟಳು. ನಾನು ಮಾತ್ರ ಪೀಣ್ಯದಿಂದ ಎರಡು ಬಸ್ಸು ಬದಲಾಯಿಸಿಕೊಂಡು ಮುಂದಿನ ಭಾನುವಾರವೇ ವರ್ತೂರಿಗೆ ಹೋದೆ. ನಾನು ಕೆಲಸ ಮಾಡುವ ಕಾರ್ಖಾನೆಯ ಸ್ಟೋರ್ಸಿನಲ್ಲಿ ಬೋಲ್ಟು ನಟ್ಟುಗಳನ್ನು ಬಿಟ್ಟರೆ ಮಾತಾಡಲು ಬೇರೆ ವಿಷಯವೇ ಇಲ್ಲ. ಅತ್ತೆಯ ಮನೆಯಲ್ಲಿ ಒಂದು ಮಧ್ಯಾಹ್ನದಲ್ಲಿ ಮೂರು ದೇಶ ಸುತ್ತಿ ಬರಬಹುದು. ಅತ್ತೆಗೆ ತಲೆ ಕೆಟ್ಟಿದೆ ಎನ್ನುವವರು ಅನ್ನಲಿ. ಕೆಟ್ಟ ತಲೆಯೇ ನನಗೆ ವಾಸಿ!

ಹೀಗಿರುವಾಗ ಕ್ಯಾಮೆರಾ ಹಿಡಿದ ಇಬ್ಬರು ಹುಡುಗಿಯರು ವರ್ತೂರಿಗೆ ಬಂದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆರೆಯ ಕೋಡಿಯ ಹತ್ತಿರ ನಿಂತು, ಕೊಳಚೆ ನೀರಿನ ಮೇಲೆ ಎದ್ದು ರಸ್ತೆಗೆ ಹಾರಿಬರುವ ಬಿಳಿ ನೊರೆಯನ್ನು ಚಿತ್ರಿಸುತ್ತಿದ್ದರು. ಸಾಕ್ಷ್ಯಚಿತ್ರ ಮಾಡುವವರನ್ನು ಕಣ್ಣಾರೆ ಕಂಡ ಅತ್ತೆಗೆ ದೇವರೇ ಆಟೋದಲ್ಲಿ ಬಂದು ಇಳಿದಂತಾಯಿತು. ಮನೆಗೆ ಎಳೆದುಕೊಂಡು ಬಂದು ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅವರು ಮೂರು ದಿನ ಅಲ್ಲೇ ಇದ್ದು ಅವಳನ್ನು ಮಾತಾಡಿಸಿದರು. ಏನು ಮಾತಾಡಿದೆ ಎಂದು ನಾನು ಕೇಳಿದರೆ, “ಪಿಕ್ಚರ್ ಬತ್ತದೆ, ನೋಡು” ಎಂದಳು. ಅವಳ ಗತ್ತು ನೋಡಬೇಕಿತ್ತು!

ಕೆಲವು ತಿಂಗಳಲ್ಲಿ ಪಿಕ್ಚರ್ ತಯಾರಾಯಿತು. ಹುಡುಗಿಯರು ಒಂದು ಪ್ರತಿ ಕಳಿಸಿದರು. ಊರಿಗೆಲ್ಲ ತೋರಿಸಬೇಕೆಂದು ಅತ್ತೆ ಹಿತ್ತಿಲ ಹಿಂದಿನ ದೊಡ್ಡ ಅಪಾರ್ಟ್‌ಮೆಂಟಿಗೆ ಹೋಗಿ, ಅವರ ಕ್ಲಬ್‌ಹೌಸ್ ಕೇಳಿದಳು. ಅಲ್ಲಿನ ಸಂಘದ ಕಾರ್ಯದರ್ಶಿ ದಾವಣಗೆರೆ ಕಡೆಯವರು, ಮರ್ಯಾದಸ್ಥರು. ಮರ್ಯಾದೆಯಿಂದಲೇ ಆಗುವುದಿಲ್ಲ ಎಂದರು.

“ಅಮ್ಮಾ, ನಾವೆಲ್ಲ ಲೇಕ್ ವ್ಯೂ ಅಂತ ಇಲ್ಲಿ ಫ್ಲಾಟ್ ತಗೊಂಡಿರೋದು. ನೀವು ಇಂಥಾ ಫಿಲ್ಮ್ ತೋರಿಸಿದ್ರೆ ನಾಳೆ ಯಾರು ತಗೋತಾರೆ ಹೇಳಿ?”

“ವ್ಯೂ ಅಂದ್ರೆ ನೋಡೋದು ತಾನೆ ಸಾರ್? ನೋಡಾನ ಅಂತ್ಲೇ ನಾನೂ ಏಳ್ತಿರೋದು!”

ಅವರು ಒಪ್ಪಲಿಲ್ಲ. ಅತ್ತೆ ಮಾತು ಬೆಳೆಸದೆ ಮನೆಗೆ ಬಂದು ಎರಡು ಬಿಳಿ ಬೆಡ್‌ಶೀಟ್ ಜೋಡಿಸಿ ಹೊಲಿದಳು. ಅಂದು ಸೋಫಾದ ಮೇಲೆ ಗೊರಕೆ ಹೊಡೆದಿದ್ದ ಹುಡುಗ ಎಲ್ಲಿಂದಲೋ ಪ್ರೊಜೆಕ್ಟರ್ ತಂದ. ಭಾನುವಾರ ಸಂಜೆ ಹೊತ್ತು ಮುಳುಗುತ್ತಲೇ, ಊರವರೆಲ್ಲ ಬಂದು ಸೇರಿದ ಹಿತ್ತಿಲಲ್ಲಿ ಬೆಡ್‌ಶೀಟ್ ಎದ್ದು ನಿಂತಿತು. ಅದರ ಮುಖ ಎಲ್ಲಿಗೆ ಅಂತೀರಿ? ನೇರ ಅಪಾರ್ಟ್‌ಮೆಂಟಿನ ಅಷ್ಟೂ ಬಾಲ್ಕನಿಗಳಿಗೆ!

ನೊರೆ ಪರದೆಯ ಮೇಲೆ ಹಾರತೊಡಗಿದ್ದೇ ತಡ, ಬಾಲ್ಕನಿಗಳು ತುಂಬಿದವು. ಕಾರ್ಯದರ್ಶಿ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿಬಂದರು.

“ಯಾರನ್ನ ಕೇಳಿ ಇದೆಲ್ಲ ಮಾಡ್ತಿದೀರಿ?”

“ನನ್ ಇತ್ಲು, ನನ್ ಬೆಡ್‌ಶೀಟು. ಯಾರ್ನ ಕೇಳ್ಬೇಕು? ನೋಡಕ್ಕೆ ಇಷ್ಟ ಇಲ್ದಿದ್ರೆ ಕಿಟ್ಕಿ ಮುಚ್ಕೊಳಿ. ಎಂಗೂ ವಾಸ್ನೆಗೆ ಮುಚ್ಕೊಂಡೇ ಇರ್ತೀರಲ್ಲ!”

“ಪೊಲೀಸ್ ಕರೀತೀನಿ ನೋಡಿ.”

“ಕರೀರಿ ಸಾರ್. ಇನ್ನೆರಡು ಕುರ್ಚಿ ಆಕುಸ್ತೀನಿ. ಅವ್ರೂ ನೋಡ್ಲಿ.”

ಅಷ್ಟರಲ್ಲಿ ಮೂರನೇ ಮಹಡಿಯಿಂದ ಒಂದು ವಯಸ್ಸಾದ ದನಿ ಗುಡುಗಿತು. “ಏ ಯಪ್ಪಾ, ಸುಮ್ನ ಕುಂದ್ರೋ! ಏನೂ ಕೇಳವಲ್ದು!”

ಆಕೆ ಕಾರ್ಯದರ್ಶಿಯವರ ಸ್ವಂತ ತಾಯಿ. ಅತ್ತೆ ಎಳೆದುಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾರ್ಯದರ್ಶಿ ಕುಳಿತರು. ಪಿಕ್ಚರ್ ಮುಗಿಯುವವರೆಗೆ ಏಳಲಿಲ್ಲ.

ನಾನು ನಗು ತಡೆದುಕೊಳ್ಳುತ್ತಿದ್ದೆ. ಪರದೆಯ ಮೇಲೆ ಅತ್ತೆ ಬಂದಳು. ಕೆರೆಯ ಏರಿಯ ಮೇಲೆ ಕುಳಿತಿದ್ದಾಳೆ, ಹಿಂದೆ ಜೊಂಡು, ನೊರೆ. ಅವಳು ಹೇಳುತ್ತಿದ್ದಾಳೆ:

“ಇಲ್ಲೇ ನಮ್ಮಣ್ಣ ನಂಗೆ ಈಜು ಕಲ್ಸಿದ್ದು. ಸೊಂಟಕ್ಕೆ ಒಣಗಿದ್ ಸೋರೆಬುರ್ಡೆ ಕಟ್ತಿದ್ದ, ಮುಳುಗ್ದಂಗೆ. ಒಂದಿನ ನಂಗೆ ಗೊತ್ತಾಗ್ದಂಗೆ ಅದ್ನ ಬಿಚ್ಬಿಟ್ಟವ್ನೆ. ನಾನು ಅದೈತೆ ಅನ್ಕೊಂಡು ಅಷ್ಟುದ್ದ ಈಜ್ಬಿಟ್ಟೆ. ದಡಕ್ಕೆ ಬಂದು ತಿರುಗ್ ನೋಡಿದ್ರೆ, ಬುರ್ಡೆ ಕೈಲಿಟ್ಕೊಂಡು ನಗ್ತಾ ನಿಂತವ್ನೆ. ಎಂತಾ ನಗು ಅಂತೀರಾ ನಮ್ಮಣ್ಣಂದು!”

ಅವಳ ಅಣ್ಣ ನನ್ನ ಅಪ್ಪ. ನಾನಿನ್ನೂ ನಡೆಯಲು ಕಲಿಯುವ ಮುಂಚೆಯೇ ಹೋಗಿಬಿಟ್ಟವರು. ಅವರ ಹೆಸರೆತ್ತಿದರೆ ಅಮ್ಮ ಅಳುತ್ತಾಳೆಂದು ನಮ್ಮ ಮನೆಯಲ್ಲಿ ಯಾರೂ ಅವರ ಮಾತೆತ್ತುತ್ತಿರಲಿಲ್ಲ. ನನಗೆ ಗೊತ್ತಿದ್ದ ಅಪ್ಪ ಗೋಡೆಯ ಮೇಲಿನ ಫೋಟೋದಲ್ಲಿ ತುಟಿ ಬಿಗಿದುಕೊಂಡು ಕುಳಿತ ಒಬ್ಬ ಗಂಭೀರ ಮನುಷ್ಯ. ಅವರಿಗೆ ಈಜು ಬರುತ್ತಿತ್ತೆಂಬುದು, ಅವರು ನಗುತ್ತಿದ್ದರೆಂಬುದು ನನಗೆ ಮೊದಲ ಸಲ ತಿಳಿದದ್ದು ಆ ಹಿತ್ತಿಲಲ್ಲಿ, ನೂರು ಜನರ ನಡುವೆ.

ಜನ ಚಪ್ಪಾಳೆ ತಟ್ಟಿ ಚದುರಿದರು. ಅತ್ತೆ ಬೆಡ್‌ಶೀಟ್ ಬಿಚ್ಚಿದಳು. ನಾನು ಇನ್ನೊಂದು ತುದಿ ಹಿಡಿದುಕೊಂಡೆ. ಮಡಿಸುತ್ತ ಮಡಿಸುತ್ತ ಇಬ್ಬರೂ ಹತ್ತಿರ ಬಂದೆವು.

“ಇದನ್ನೆಲ್ಲ ನನಗೆ ಯಾಕತ್ತೆ ಹೇಳಲಿಲ್ಲ?”

“ಆ ಉಡ್ಗೀರು ಕೇಳಿದ್ರು, ಏಳ್ದೆ. ನೀನು ಯಾವತ್ತಾನ ಕೇಳಿದ್ಯಾ ಮಗಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಡಿಸಿದ ಬೆಡ್‌ಶೀಟನ್ನು ಅವಳ ಕೈಗೆ ಕೊಟ್ಟು, “ಅಪ್ಪ ನಕ್ಕರೆ ಹೇಗಿರ್ತಿತ್ತು ಅತ್ತೆ?” ಎಂದೆ.

ಅತ್ತೆ ನನ್ನ ಮುಖ ನೋಡಿದಳು. ಆಮೇಲೆ ಖಾಲಿ ಕುರ್ಚಿಯೊಂದನ್ನು ತನ್ನ ಪಕ್ಕಕ್ಕೆ ಎಳೆದು, ಸೆರಗಿನಿಂದ ಒರೆಸಿ, “ಕುಂತ್ಕ” ಎಂದಳು.