ಒಡಪಿನೊಳಗಿನ ನನ್ನ ಹೆಸರು

ತನ್ನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳುವ ಚಪಲ ಮನುಷ್ಯನಿಗೆ ಯಾವ ವಯಸ್ಸಿಗೆ ಹೋಗುತ್ತದೋ ನನಗೆ ತಿಳಿಯದು. ಅರವತ್ತು ದಾಟಿದರೆ ಹೋಗುತ್ತದೆ ಎಂದು ನಂಬಿದ್ದೆ. ಹೋಗಿಲ್ಲ. ನನ್ನ ಹೆಸರೇನು ಅಪರೂಪದ್ದಲ್ಲ, ಕೊಟ್ರಬಸಪ್ಪ. ನಮ್ಮ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಹೆಸರನ್ನು ಗಟ್ಟಿಯಾಗಿ ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ; ಉಳಿದರ್ಧ ಜನ ಕೊಟ್ರೇಶ, ಕೊಟ್ರಪ್ಪ ಎಂಬವರಾದ್ದರಿಂದ ಅವರೂ ಯಾವುದಕ್ಕೂ ಇರಲಿ ಎಂದು ಕತ್ತು ಹೊರಳಿಸುತ್ತಾರೆ. ಆದರೆ ನನ್ನನ್ನು ಈ ಹೆಸರಿನಿಂದ ಕರೆಯುವವರೇ ಈಗ ಇಲ್ಲ. ನನ್ನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ನಾನು 'ಸಾವ್ಕಾರ್ರ', ನೆಂಟರಲ್ಲಿ 'ಮಾಮ', ಮನೆಯಲ್ಲಿ 'ಏನ್ರಿ'. ನನ್ನ ಹೆಂಡತಿ ಗಿರಿಜಾ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪೈಕಿಯಲ್ಲ. ಕಚೇರಿಯಲ್ಲಿ ಗಂಡನ ಹೆಸರೇನಮ್ಮ ಎಂದು ಕೇಳಿದರೆ ಪಕ್ಕದಲ್ಲಿ ನಿಂತ ನನ್ನ ಕಡೆ ಬೆರಳು ತೋರಿಸಿ "ಅವರನ್ನ ಕೇಳ್ರಿ, ಅದಾರಲ್ಲ" ಎನ್ನುತ್ತಾಳೆ. ಅವಳ ಬಾಯಲ್ಲಿ ನನ್ನ ಹೆಸರು ಹೊರಗೆ ಬರಲು ಇರುವುದು ಒಂದೇ ಬಾಗಿಲು. ಅದು ಒಡಪು.

ಒಡಪು ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಮದುವೆ, ಬಸಿರಿಯ ಕುಬಸ, ತೊಟ್ಟಿಲು ಎಂದು ನಾಲ್ಕು ಹೆಂಗಸರು ಸೇರಿದಲ್ಲಿ ಒಬ್ಬಳು ಇನ್ನೊಬ್ಬಳ ದಾರಿಗೆ ಅಡ್ಡ ನಿಂತು "ಹೆಸರು ಹೇಳಿ ಹೋಗು" ಎನ್ನುತ್ತಾಳೆ. ಆಗ ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದೊಳಗೆ ಸೇರಿಸಿ ಹೇಳಬೇಕು. ಹೆಚ್ಚಿನವರ ಒಡಪಿನಲ್ಲಿ ಬಂಗಾರದ ಬಟ್ಟಲು, ಬೆಳ್ಳಿಯ ದೀಪದ ಸಮೆ, ಮುತ್ತಿನ ತೋರಣ ಇಷ್ಟೇ ಇರುತ್ತವೆ. ಗಂಡನೂ ಆ ಸಾಮಾನಿನ ನಡುವೆ ಇನ್ನೊಂದು ಸಾಮಾನಿನ ಹಾಗೆ ಹೊಳೆಯುತ್ತಿರುತ್ತಾನೆ. ಗಿರಿಜೆಯದು ಹಾಗಲ್ಲ. ಮದುವೆಯಾದ ಹೊಸತರಲ್ಲಿ "ಹಡಗಲಿ ಮಲ್ಲಿಗಿ, ಅರಳದ ಮೊಗ್ಗು, ಕೊಟ್ರಬಸಪ್ಪರ ಹೆಸರು ಹೇಳಾಕ ನನಗ್ಯಾತರ ಸಿಗ್ಗು" ಎಂದು ಮರ್ಯಾದೆಯಿಂದಲೇ ಶುರು ಮಾಡಿದಳು. ಸಂಸಾರ ಹಳತಾದಂತೆ ಮಲ್ಲಿಗೆ ಹೋಗಿ ಮೆಣಸಿನಕಾಯಿ ಬಂತು.

"ಕೊಟ್ಟೂರ ಮಂಡಕ್ಕಿಗೆ ಜೋಡಿ ಬಿಸಿ ಮಿರ್ಚಿ,
ನಮ್ಮ ಕೊಟ್ರಬಸಪ್ಪಗ ಸಿಕ್ರ ಬಿಡೂದಿಲ್ಲ ಕುರ್ಚಿ."

ಇದನ್ನು ಅವಳು ಮೊದಲ ಸಲ ಹೇಳಿದಾಗ ಇಡೀ ಮದುವೆ ಮನೆ ನನ್ನ ಕಡೆ ತಿರುಗಿತು. ನಾನು ಆಗಲೂ ಕುರ್ಚಿಯಲ್ಲಿಯೇ ಇದ್ದೆ. ಸಿಟ್ಟು ಬಂದವನ ಹಾಗೆ ಮುಖ ಮಾಡಿಕೊಂಡು ಒಳಗೊಳಗೇ ಹಿಗ್ಗುವುದನ್ನು ಅಂದಿನಿಂದ ರೂಢಿಸಿಕೊಂಡಿದ್ದೇನೆ. ಬಿ.ಪಿ. ಗುಳಿಗೆ ಮರೆಯುವುದು, ಸಂತೆಗೆ ಹೋಗಿ ಚೀಲವನ್ನೇ ಬಿಟ್ಟು ಬರುವುದು, ನನ್ನ ಯಾವ ಘನಕಾರ್ಯವೂ ಅವಳ ಪ್ರಾಸದಿಂದ ತಪ್ಪಿಸಿಕೊಂಡಿಲ್ಲ. ಬೈಸಿಕೊಂಡರೇನಂತೆ, ಅದರೊಳಗೆ ನನ್ನ ಹೆಸರಿರುತ್ತದಲ್ಲ.

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನೆಂಟರಲ್ಲಿ ಯಾರ ಮದುವೆ ಗೊತ್ತಾದರೂ ಮದುಮಗಳು ಗಿರಿಜೆಯ ಹತ್ತಿರ ಬಂದು ಒಡಪು ಕಟ್ಟಿಸಿಕೊಂಡು ಹೋಗುವುದು ವಾಡಿಕೆ. ಇವಳು ಚಹಾ ಕೊಟ್ಟು ಎದುರಿಗೆ ಕೂರಿಸಿಕೊಂಡು ಮೊದಲು ಕೇಳುವುದೇ "ನಿನ್ನ ಗಂಡ ಆಗೋನಿಗೆ ಕೆಟ್ಟ ಚಟ ಏನೈತಿ?" ಎಂದು. ಹುಡುಗಿ ಗಾಬರಿಯಾದರೆ, "ಬೀಡಿ ಬ್ರಾಂದಿ ಅಲ್ಲವ್ವಾ. ಉಣ್ಣುವಾಗ ಸಪ್ಪಳ ಮಾಡ್ತಾನೇನು? ಗಾಡಿ ಚಾವಿ ಇಟ್ಟಲ್ಲೇ ಮರೀತಾನೇನು? ಅಂಥಾದ್ದು" ಎನ್ನುತ್ತಾಳೆ. ಅದು ಗೊತ್ತಾಗುವತನಕ ಒಂದು ಸಾಲೂ ಹೊರಡುವುದಿಲ್ಲ. ಮನುಷ್ಯ ಎಂಥವನೆಂದು ತಿಳಿಯದೆ ಬರೀ ಹೆಸರು ಹೇಳಿದರೆ ಅದು ಒಡಪಲ್ಲ, ಸಾಲೆಯ ಹಾಜರಿ ಎಂಬುದು ಅವಳ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು ಹೋದ ವರ್ಷ. ಗಿರಿಜೆಯ ಅಣ್ಣನ ಮಗಳು ಪೂರ್ಣಿಮಾ, ಹಗರಿಬೊಮ್ಮನಹಳ್ಳಿಯ ಹುಡುಗಿ, ಅವಳಿಗೆ ಹರಪನಹಳ್ಳಿಯ ಮಂಜುನಾಥ ಎಂಬ ವರ ಗೊತ್ತಾದ. ವಾಡಿಕೆಯಂತೆ ಬಂದಳು, ವಾಡಿಕೆಯಂತೆ ಅತ್ತೆ ಚಟದ ವಿಷಯ ಕೇಳಿದಳು.

"ನನಗೇನ್ ಗೊತ್ತು ಅತ್ತಿ? ಇನ್ನೂ ಫೋನಿನಾಗ ಮಾತಾಡೀವಿ ಅಷ್ಟ. ಫೋನಿನಾಗ ಎಲ್ಲಾರೂ ಚಲೋನ ಇರ್ತಾರ" ಎಂದಳು ಪೂರ್ಣಿಮಾ.

"ಹಂಗಾರ ಲಗ್ನದ ಹಿಂದಿನ ದಿನ ಅವನ್ನ ಒಂದು ತಾಸು ನೋಡ್ತೀನಿ. ಆಮ್ಯಾಲೆ ಕಟ್ಟೋಣು."

ಹುಡುಗಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅಲ್ಲದೆ ಗಂಡಿನ ಕಡೆಯವರೆದುರು ಈ ಅತ್ತೆ ಅಳಿಯನ ಯಾವ ಗುಟ್ಟು ಬಯಲಿಗೆ ಹಾಕುತ್ತಾಳೋ ಎಂಬ ಅಂಜಿಕೆ ಬೇರೆ. ನಮ್ಮ ಮನೆತನದ ಹಳೆಯ ಮದುವೆ ವಿಡಿಯೋಗಳಿಂದ ಅತ್ತೆಯ ಒಡಪುಗಳನ್ನೆಲ್ಲ ಆರಿಸಿ, ಫೋನಿನಲ್ಲಿರುವ ಆ ಬರೆಯುವ ಯಂತ್ರಕ್ಕೆ ಕೊಟ್ಟು, "ಇದೇ ಧಾಟಿಯೊಳಗ ಹೊಸಾವು ಮಾಡಿಕೊಡು" ಎಂದಳಂತೆ. ಒಂದು ಲೋಟ ಚಹಾ ಆರುವಷ್ಟರಲ್ಲಿ ಅದು ಪುಟಗಟ್ಟಲೆ ಒಡಪು ಹೊಸೆದು ಕೊಟ್ಟಿತು. ಮುಂದಿನ ಸಲ ಬಂದಾಗ ನಮ್ಮ ಪಡಸಾಲೆಯಲ್ಲಿ ಕೂತು, ಮಂಜುನಾಥನ ಹೆಸರು ಹಾಕಿಕೊಂಡ ಎರಡನ್ನು ಓದಿ ತೋರಿಸಿದಳು. ಮೊದಲ ಸಾಲಿನಲ್ಲಿ ತಿನಿಸು, ಎರಡನೆಯ ಸಾಲಿನಲ್ಲಿ ಗಂಡನಿಗೊಂದು ಚಿವುಟು. ಥೇಟ್ ಗಿರಿಜೆಯದೇ ವರಸೆ. ನಾನು ಬಾಯ್ತಪ್ಪಿ ಜೋರಾಗಿ ನಕ್ಕುಬಿಟ್ಟೆ. ಗಿರಿಜಾ ನಗಲಿಲ್ಲ. "ಚಲೋ ಐತಿ" ಎಂದು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ನಮ್ಮ ಮನೆಯಲ್ಲಿ ಏನಾದರೂ ನಿಜವಾಗಿ ಚೆನ್ನಾಗಿದ್ದರೆ ಅವಳು ಅದಕ್ಕೆ ಹತ್ತು ತಪ್ಪು ಹೇಳುತ್ತಾಳೆ. ಬರೀ 'ಚಲೋ ಐತಿ' ಎಂದರೆ ಹವಾಮಾನ ಕೆಟ್ಟಿದೆ ಎಂದೇ ಅರ್ಥ.

ಈ ಸಂಗತಿಯನ್ನು ನಾನು ಅಂಗಡಿಯ ಕಟ್ಟೆಯ ಮೇಲೆ ಚರ್ಚೆಗೆ ಇಟ್ಟೆ. ಕಟ್ಟೆಯ ಕಾಯಂ ಸದಸ್ಯರು ಎಂದರೆ ನಾನು ಮತ್ತು ನಿವೃತ್ತ ಡ್ರಾಯಿಂಗ್ ಮಾಸ್ತರು ವೀರಭದ್ರಪ್ಪ. ಇಬ್ಬರೇ ಆದ್ದರಿಂದ ಚರ್ಚೆ ಬೇಗ ಮುಗಿಯುವುದಿಲ್ಲ. ಯಂತ್ರ ಹೀಗೆ ಒಬ್ಬರ ಧಾಟಿಯನ್ನು ಕಲಿತು ಅದರಂತೆಯೇ ಮಾಡುವುದು ಸರಿಯೇ ಎಂದು ಕೇಳಿದೆ.

"ನಾನು ಹುಡುಗರಿಗೆ ಕಲಿಸಿದ್ದ ಅದನ್ನ ನೋಡ್ರಿ. ಮೊದಲು ನೋಡಿಕೊಂಡು ತಗೀರಿ ಅಂತಿದ್ದೆ. ನಕಲು ಮಾಡಲಾರದ ಯಾವಾತ ಕಲ್ತಾನ?" ಎಂದರು ಮಾಸ್ತರು.

"ಹಂಗಾರ ತಪ್ಪಿಲ್ಲ ಅಂತೀರೇನು?"

"ಹಂಗೂ ಅನ್ನೂದಿಲ್ಲ. ಹುಡುಗ ನನ್ನಂಗ ಚಿತ್ರ ಬರದ್ರ ನನಗ ಖುಷಿ. ನಾಳೆ ನನ್ನ ಬಿಟ್ಟು ತನ್ನದ ಒಂದು ದಾರಿ ಹಿಡೀತಾನ. ಈ ಯಂತ್ರ ನನ್ನಂಗ ಬರಕೋಂತ ಕುಂತ್ರ, ಆಮ್ಯಾಲೆ ನಾನ್ಯಾಕ ಬೇಕು?"

ನಾನು ಪಾತ್ರೆ ವ್ಯಾಪಾರಿ. ನನ್ನ ವಿಚಾರ ಎಲ್ಲಿಗೆ ಹೋದರೂ ತಿರುಗಿ ಪಾತ್ರೆಗೇ ಬರುತ್ತದೆ. ಕೊಂಡ ಪಾತ್ರೆಯ ಮೇಲೆ ಜನ ಹೆಸರು ಹಾಕಿಸುವುದು ಯಾಕೆ? ನೆರೆಮನೆಗೆ ಹುಗ್ಗಿ ತುಂಬಿಕೊಂಡು ಹೋದ ಡಬರಿ ಹೆಸರು ನೋಡಿ ಮರಳಿ ಬರಲಿ ಎಂದು. ಒಡಪಿಗೆ ಹಾಗೆ ಹೆಸರು ಹಾಕಲು ಬರುವುದಿಲ್ಲವಲ್ಲ, ಹೋದದ್ದು ಹೋಯಿತು ಎಂದೆ. ಮಾಸ್ತರು ಒಪ್ಪಲಿಲ್ಲ. "ಡಬರಿ ಒಯ್ದ್ರ ನಿಮ್ಮ ಮನ್ಯಾಗ ಡಬರಿ ಇರೂದಿಲ್ಲ ಸಾವ್ಕಾರ್ರ. ಒಡಪು ಒಯ್ದ್ರ ಒಡಪು ನಿಮ್ಮ ಮನ್ಯಾಗೂ ಇರತೈತಿ. ಹಂಗಾರ ಹೋಗಿದ್ದೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಿರ್ಚಿ ತರಲು ಎದ್ದು ಹೋದರು. ಹೋಗಿದ್ದೇನು ಎಂಬುದು ನನಗೂ ಆಗ ಹೊಳೆಯಲಿಲ್ಲ. ಮಿರ್ಚಿ ಬಂದ ಮೇಲೆ ಆ ಪ್ರಶ್ನೆಯೂ ತಣ್ಣಗಾಯಿತು.

ಮದುವೆ ಹರಪನಹಳ್ಳಿಯಲ್ಲಿ ಆಯಿತು. ಗಂಡು ಹೆಣ್ಣು ಒಂದೇ ತಟ್ಟೆಯಲ್ಲಿ ಉಣ್ಣುವ ಭೂಮದ ಊಟದ ಹೊತ್ತಿಗೆ, ಮಂಜುನಾಥನ ಅಕ್ಕ ಮದುಮಗಳ ಕೈ ಹಿಡಿದು, ಹೆಸರು ಹೇಳುವತನಕ ತುತ್ತು ಮುಟ್ಟಗೊಡುವುದಿಲ್ಲ ಎಂದಳು. ಪೂರ್ಣಿಮಾ ಬಾಯಿಪಾಠ ಮಾಡಿಕೊಂಡು ಬಂದ ಎರಡು ಒಡಪು ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಬಿಡಲಿಲ್ಲ. "ಇನ್ನೊಂದು ಆಗ್ಲಿ!" ಹುಡುಗಿ ಮಡಿಲಲ್ಲಿದ್ದ ಫೋನಿನ ಮೇಲೆ ಕಣ್ಣಾಡಿಸಿ, ಸಿಕ್ಕಿದ್ದನ್ನು ಒಂದೇ ಉಸಿರಿಗೆ ಓದಿದಳು.

"ಬೆಳ್ಳಿ ತಟ್ಟ್ಯಾಗ ಬಿ.ಪಿ. ಗುಳಿಗಿ,
ಕೊಟ್ರಬಸಪ್ಪರ ಬಿಟ್ಟು ನಾ ಇರಲಾರೆ ಒಂದು ಗಳಿಗಿ!"

ಪಂಕ್ತಿಯವರೆಲ್ಲ ತುತ್ತು ಬಿಟ್ಟು ತಲೆ ಎತ್ತಿದರು. ಆದದ್ದಿಷ್ಟೇ. ಯಂತ್ರಕ್ಕೆ ಕಲಿಯಲು ಕೊಟ್ಟ ಒಡಪುಗಳಲ್ಲೆಲ್ಲ ಇದ್ದ ಗಂಡ ಒಬ್ಬನೇ, ನಾನು. ಹಾಗಾಗಿ ಪ್ರಾಸದ ಹಾಗೆ, ಮಿರ್ಚಿಯ ಹಾಗೆ, ಕೊಟ್ರಬಸಪ್ಪನೂ ಆ ಧಾಟಿಯ ಒಂದು ಅಂಗ ಎಂದು ಅದು ತಿಳಿದುಕೊಂಡಿತ್ತು. ಬಾಯಿಪಾಠ ಮಾಡಿದ ಎರಡರಲ್ಲಿ ಹುಡುಗಿ ಹೆಸರು ಬದಲಾಯಿಸಿಕೊಂಡಿದ್ದಳು, ಮೂರನೆಯದಕ್ಕೆ ಪುರುಸೊತ್ತಾಗಿರಲಿಲ್ಲ. ಗಂಡಿನ ಅಜ್ಜಿ ಕಿವಿಗೆ ಕೈ ಹಚ್ಚಿ "ಯಾರವ್ವಾ ಅಂವ ಕೊಟ್ರಬಸಪ್ಪ?" ಎಂದು ಕೇಳಿತು. ಬೀಗರ ಎಲೆಗೆ ತುಪ್ಪ ಬಡಿಸುತ್ತ ನಾನು ಅಲ್ಲಿಯೇ ನಿಂತಿದ್ದೆ. ನಮ್ಮ ಕಡೆಯ ಯಾರೋ ಪುಣ್ಯಾತ್ಮ "ಇವರ ನೋಡ್ರಿ!" ಎಂದು ತೋರಿಸಿದ. ಅಜ್ಜಿ ನನ್ನ ನೆತ್ತಿಯಿಂದ ಪಾದದವರೆಗೆ ನೋಡಿ "ಗುಳಿಗಿ ಬರೋಬರಿ ಐತಿ ಬಿಡು" ಎಂದಿತು. ಆಮೇಲೆ ಎದ್ದ ನಗುವಿಗೆ ಮಂಜುನಾಥನೂ ನಕ್ಕ. ಪೂರ್ಣಿಮಾ ಒಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಪಾಪ, ಅಳುತ್ತಿದ್ದಳು.

ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆಂದ. ಆದರೆ ನಾನು ಒಂದೇ ಎಲೆಗೆ ಎರಡೆರಡು ಸಲ ತುಪ್ಪ ಬಡಿಸಿದ್ದು ನಾಚಿಕೆಗಲ್ಲ. 'ಬಿಟ್ಟು ಇರಲಾರೆ ಒಂದು ಗಳಿಗಿ' ಎಂದು ಗಿರಿಜಾ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಿದವಳಲ್ಲ. ಬಸ್ಸಿನಲ್ಲಿ ಬರುವಾಗ ಮೆಲ್ಲಗೆ, ಆ ಗುಳಿಗೆಯ ಒಡಪು ನಿನ್ನದೇ ಇರಬೇಕಲ್ಲ ಎಂದು ಕೆದಕಿದೆ.

"ಗುಳಿಗಿ ನಂದು. ಗಳಿಗಿ ನಂದಲ್ಲ" ಎಂದಳು ಕಿಟಕಿಯ ಹೊರಗೆ ನೋಡುತ್ತ. ಕಿಟಕಿಯ ಗಾಜು ಎಳೆದು, "ನಾ ಇನ್ನ ಮ್ಯಾಲೆ ಹೇಳೂದಿಲ್ಲ. ಬೇಕಾದವರು ಫೋನಿನಾಗ ಕೇಳ್ಕೋತಾರ" ಎಂದಳು.

ಮುನಿಸು ನಾಲ್ಕು ದಿನದ್ದು ಎಂದುಕೊಂಡೆ. ಹಾಗಾಗಲಿಲ್ಲ. ಹಡಗಲಿಯ ಕುಬಸದಲ್ಲಿ ಕೇಳಿದರು, ಗಂಟಲು ಕಟ್ಟಿದೆ ಎಂದಳು. ಕೂಡ್ಲಿಗಿಯ ತೊಟ್ಟಿಲ ಶಾಸ್ತ್ರದಲ್ಲಿ ಕೇಳಿದರು, ಮರೆತುಹೋಗಿದೆ ಎಂದಳು. ಒಡಪು ಕಟ್ಟಿಸಲು ಬಂದ ಹುಡುಗಿಯರಿಗೆ ಚಹಾ ಕೊಟ್ಟು ಕಳಿಸಿದಳು, ಚಟದ ಸುದ್ದಿ ತೆಗೆಯಲಿಲ್ಲ. ಮಾಸ್ತರು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಆಗ ಸಿಕ್ಕಿತು. ಒಡಪು ಎಲ್ಲಿಗೂ ಹೋಗಿರಲಿಲ್ಲ. ಹೇಳಬೇಕೆಂಬ ಉಮೇದು ಹೋಗಿತ್ತು. ಅದರ ಜೊತೆಗೆ ನನ್ನ ಹೆಸರೂ ಹೋಗಿತ್ತು. ದಿನವಿಡೀ ಅಂಗಡಿಯಲ್ಲಿ ಊರವರ ಹೆಸರನ್ನು ಪಾತ್ರೆಯ ಮೇಲೆ ಕೊರೆದು ಮನೆಗೆ ಬಂದರೆ ನಾನು ಮತ್ತೆ ಅದೇ 'ಏನ್ರಿ'. ಇದರಿಂದ ನನಗೆ ಇಷ್ಟು ಬೇಸರವಾದೀತು ಎಂದು ನಾನೇ ಎಣಿಸಿರಲಿಲ್ಲ.

ಆಷಾಢಕ್ಕೆ ತವರಿಗೆ ಬಂದ ಪೂರ್ಣಿಮಾ ಅತ್ತೆಯನ್ನು ಸಮಾಧಾನ ಮಾಡಲೆಂದೇ ಕೊಟ್ಟೂರಿಗೆ ಬಂದಳು. "ಅತ್ತಿ, ಅವರ ಚಟ ಗೊತ್ತಾತು. ರಗ್ಗು ಹೊತ್ಕೊಂಡು ಮಕ್ಕೋತಾರ, ಮ್ಯಾಲೆ ಫ್ಯಾನೂ ಜೋರು ಇರಬೇಕು" ಎಂದಳು. ಗಿರಿಜೆಯ ತುಟಿ ಒಂದು ಕ್ಷಣ ಅಲುಗಿತು. "ಫೋನಿಗೆ ಹೇಳವಾ" ಎಂದು, ನನ್ನ ಕಡೆ ತಿರುಗಿ, "ಕುಕ್ಕರ್ ಮೂರು ಸೀಟಿ ಹೊಡೀತಂದ್ರ ಗ್ಯಾಸ್ ಬಂದ್ ಮಾಡ್ರಿ" ಎಂದು ಹಿತ್ತಲಿಗೆ ಬಟ್ಟೆ ಒಣಗಿಸಲು ಹೋದಳು.

ಅವಳು ಅತ್ತ ಹೋದದ್ದೇ ನಾನು ಕುರ್ಚಿಯನ್ನು ಹುಡುಗಿಯ ಹತ್ತಿರ ಎಳೆದುಕೊಂಡೆ. ದನಿ ತಗ್ಗಿಸಿ, "ನಿನ್ನ ಫೋನಿನಾಗ ಆ ಗಳಿಗಿ ಒಡಪು ಇನ್ನೂ ಐತೇನು?" ಎಂದೆ. ಅವಳು ನಕ್ಕು, ಫೋನಿನ ಬಾಯಿಂದಲೇ ಓದಿಸಿದಳು. ಒಂದಾದ ಮೇಲೊಂದು. ಚಿವುಟುವ ಎರಡನ್ನು ಹುಡುಗಿ ಮದುವೆಗೆ ಆರಿಸಿಕೊಂಡಿದ್ದಳಲ್ಲ, ಉಳಿದ ಎಲ್ಲದರಲ್ಲೂ ಕೊಟ್ರಬಸಪ್ಪ, ಎಲ್ಲವೂ ಮೆಚ್ಚುಗೆ. ಮೊದಲೆರಡಕ್ಕೆ ಉಬ್ಬಿದೆ. ಆಮೇಲೆ ಏನೋ ಸಪ್ಪೆಯೆನಿಸತೊಡಗಿತು. ಈ ಕೊಟ್ರಬಸಪ್ಪನ ಪರಿಚಯವೇ ನನಗಿರಲಿಲ್ಲ. ಇವನು ಚೀಲ ಮರೆಯುವುದಿಲ್ಲ, ಕುರ್ಚಿ ಕೇಳಿದರೆ ಬಿಟ್ಟುಕೊಡುತ್ತಾನೆ. ಇಂಥವನನ್ನು ಬಿಟ್ಟಿರಲಾರೆ ಎನ್ನಲು ಯಾರಿಗೆ ಕಷ್ಟ? ಆದರೂ ಚಪಲ ಬಿಡದು, "ಇನ್ನೊಂದು ಹಾಕು" ಎಂದೆ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಹಿತ್ತಲ ಬಾಗಿಲಲ್ಲಿ ಒದ್ದೆ ಟವೆಲು ಹಿಡಿದುಕೊಂಡು ಗಿರಿಜಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

"ಕುಕ್ಕರ್ ಕೂಗಿದ್ದು ಕೇಳಲಿಲ್ಲ, ಅನ್ನ ಹಿಡೀತು ತಳ,
ಫೋನಿನ ಬಾಯಾಗ ಹೆಸರು ಕೇಳಾಕ ಕೊಟ್ರಬಸಪ್ಪಗ ತಳಮಳ!"

ಪೂರ್ಣಿಮಾ ಬಿದ್ದು ಬಿದ್ದು ನಕ್ಕಳು. "ಅತ್ತಿ, ಇನ್ನೊಮ್ಮೆ ಹೇಳ್ರಿ!" ಎಂದು ಫೋನು ಎತ್ತಿದರೆ, ಗಿರಿಜಾ ಅಡುಗೆಮನೆಗೆ ನಡೆಯುತ್ತ, "ಅದನ್ನ ಅಲ್ಲಿಟ್ಟು ಒಳಗ ಬಾ. ನಿನ್ನ ಗಂಡ ಮಕ್ಕೊಂಡ ಮ್ಯಾಲೆ ಫ್ಯಾನ್ ಆರಿಸೋರು ಯಾರು, ನೀನಾ?" ಎಂದು ಕೇಳಿದಳು. ಅವಳ ಕೆಲಸ ಮತ್ತೆ ಶುರುವಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಕೇಳಿದರೆ ಸುಟ್ಟ ಹೊಗೆಯ ಮೇಲೆ ಹಾಕೋಣವೆಂದುಕೊಂಡೆ, ಯಾರೂ ಕೇಳಲಿಲ್ಲ.

ಇದನ್ನೆಲ್ಲ ಹೀಗೆ ಬರೆದಿಟ್ಟರೆ ಯಂತ್ರ ಇದನ್ನೂ ಓದಿ ಕಲಿಯುವುದಿಲ್ಲವೇ ಎಂದು ಡ್ರಾಯಿಂಗ್ ಮಾಸ್ತರು ಎಚ್ಚರಿಸಿದ್ದಾರೆ. ಗಿರಿಜೆಯನ್ನು ಕೇಳಿಯೇ ಬರೆದಿದ್ದೇನೆ. ಕಲಿತರೆ ಕಲಿಯಲಿ, ನಿಮ್ಮ ಹೆಸರನ್ನು ಮಾತ್ರ ಕೆರೆದು ತೆಗೆಯದಿರಲಿ ಎಂದಳು. ಇನ್ನು ನನ್ನ ವಿಷಯ. ಈಚೆಗೆ ನಮ್ಮ ಮನೆಯಲ್ಲಿ ಆಗಾಗ ಅನ್ನ ತಳ ಹಿಡಿಯುತ್ತಿದೆ. ಕುಕ್ಕರ್ ಕೂಗಿದ್ದು ನನಗೆ ಕೇಳಿಸುವುದಿಲ್ಲ ಎಂದು ನೆಂಟರಿಗೆಲ್ಲ ಕಳವಳ. ಕಿವಿ ತೋರಿಸಿಕೊಳ್ಳಿ ಎನ್ನುತ್ತಾರೆ. ನನ್ನ ಕಿವಿಗೆ ಏನೂ ಆಗಿಲ್ಲ.