ಬೀಗರ ಸದನದಲ್ಲಿ ಸಂತಾಪ ಸೂಚನೆ

ಪಾರ್ಲಿಮೆಂಟು ನಡೆಸುವುದು ಅಂಥ ಕಷ್ಟದ ಕೆಲಸವೇನಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೆ. ಅಂದರೆ, ನೋಡಿದ ಅನುಭವದಿಂದ!

ಪಾಂಡವಪುರದಲ್ಲಿ ನನ್ನದೊಂದು ಪೈಪು, ಮೋಟಾರು ಮಾರುವ ಅಂಗಡಿ ಇದೆ. ಮಧ್ಯಾಹ್ನದ ಹೊತ್ತು ಅಲ್ಲಿ ನೊಣ ಹೊಡೆಯುವುದೊಂದೇ ವ್ಯಾಪಾರ. ಹಾಗಾಗಿ ಗಲ್ಲಾದ ಪಕ್ಕ ಪುಟ್ಟ ಟಿ.ವಿ. ಇಟ್ಟುಕೊಂಡು ಲೋಕಸಭೆಯ ಕಲಾಪ ನೋಡುವುದು ನನ್ನ ಅಭ್ಯಾಸ. ಬೇರೆಯವರು ಕ್ರಿಕೆಟ್ ನೋಡುತ್ತಾರೆ, ಧಾರಾವಾಹಿ ನೋಡುತ್ತಾರೆ. ನಾನು ಸಭಾಧ್ಯಕ್ಷರನ್ನು ನೋಡುತ್ತೇನೆ. ಅವರು ಬರುವಾಗ ಒಬ್ಬರು ಗಟ್ಟಿಯಾಗಿ ಕೂಗುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ಅಧ್ಯಕ್ಷರು ಕೈಮುಗಿದು ಕೂರುತ್ತಾರೆ. ಯಾರಾದರೂ ದೊಡ್ಡವರು ತೀರಿಕೊಂಡಿದ್ದರೆ ಮೊದಲು ಸಂತಾಪ ಸೂಚನೆ, ಮೌನ. ಆಮೇಲೆ ಪ್ರಶ್ನೋತ್ತರ ವೇಳೆ. ಆಮೇಲೆ ಶೂನ್ಯ ವೇಳೆ, ಅಂದರೆ ಸದಸ್ಯರು ತಮ್ಮ ತುರ್ತು ಸಂಕಟಗಳನ್ನೆಲ್ಲ ಎದ್ದು ಹೇಳಿಕೊಳ್ಳುವ ಹೊತ್ತು. ಗಲಾಟೆಯಾದರೆ "ಮಾನ್ಯ ಸದಸ್ಯರೇ, ಕುಳಿತುಕೊಳ್ಳಿ!" ಇಷ್ಟೇ. ಇಷ್ಟನ್ನು ಮಾಡಲು ದೆಹಲಿಗೇ ಹೋಗಬೇಕೆ?

ಈ ಪ್ರಶ್ನೆಗೆ ಉತ್ತರ ಕೊಡುವ ಅವಕಾಶ ನನ್ನ ಮಗಳು ರಶ್ಮಿಯ ಒಪ್ಪಿಗೆ ಶಾಸ್ತ್ರದ ರೂಪದಲ್ಲಿ ಒದಗಿ ಬಂತು.

ರಶ್ಮಿ ಶ್ರೀರಂಗಪಟ್ಟಣದ ಶಾಲೆಯೊಂದರಲ್ಲಿ ಟೀಚರು. ಬಂದ ಗಂಡುಗಳಿಗೆಲ್ಲ ಒಂದೊಂದು ಐಬು ಹೇಳಿ ಕಳಿಸುತ್ತಿದ್ದವಳು ಮಾಕವಳ್ಳಿಯ ಮಧುವನ್ನು ನೋಡಿ ಮಾತ್ರ ತಲೆ ತಗ್ಗಿಸಿ ನಕ್ಕಳು. ಹುಡುಗ ದನದ ಡಾಕ್ಟರು. ನನ್ನ ಹೆಂಡತಿ ಸಾವಿತ್ರಿಗೂ ಒಪ್ಪಿಗೆಯಾಯಿತು. "ದನ ಒದ್ರೂ ಸುಮ್ನಿರೋನು ಅಂದ್ರೆ ತಾಳ್ಮೆ ಇರ್ತದೆ. ನಿಮ್ಮುನ್ನೂ ತಡ್ಕತಾನೆ" ಎಂದಳು. ಇದ್ದ ಅಂಜಿಕೆ ಒಂದೇ. ಹುಡುಗನ ತಾಯಿ ಚಿಕ್ಕತಾಯಮ್ಮನವರಿಗೆ ಶಕುನದ ಮೇಲೆ ಅಪಾರ ನಂಬಿಕೆ. ಹಲ್ಲಿ ಲೊಚಗುಟ್ಟಿದರೆ ಆಡುತ್ತಿದ್ದ ಮಾತನ್ನು ಅಲ್ಲೇ ಬಿಟ್ಟು, "ಕೃಷ್ಣ ಕೃಷ್ಣ" ಎಂದು ನೆಲ ಕುಟ್ಟುವವರು.

ನಾವು ಮಾಕವಳ್ಳಿಗೆ ಮನೆ ನೋಡಲು ಹೋದ ದಿನ ಒಂದು ಮಾತು ನಡೆಯಿತು. ಪಡಸಾಲೆಯಲ್ಲಿ ಒಂದು ಆರಾಮ ಕುರ್ಚಿ ಖಾಲಿ ಇತ್ತು. ಗೋಡೆಯಲ್ಲಿ ಪೇಟ ಕಟ್ಟಿದ ಮುದುಕರೊಬ್ಬರ ಫೋಟೊ. ಹಿರಿಯರ ಬಗ್ಗೆ ವಿಚಾರಿಸುವುದು ಮರ್ಯಾದೆ ಎಂದು ಹುಡುಗನ ತಂದೆ ಮರೀಗೌಡರನ್ನು ಕೇಳಿದೆ: "ನಿಮ್ಮ ತಂದೆಯವರು?"

ಮರೀಗೌಡರು ಖಾಲಿ ಕುರ್ಚಿ ನೋಡಿ ನಿಟ್ಟುಸಿರುಬಿಟ್ಟರು. "ಅಪ್ಪ ಓಗ್ಬುಟ್ರು ಕಣಣ್ಣ. ಇದ್ದಿದ್ರೆ ನಿಮ್ಮುನ್ನ ನೋಡಿ ಭಾಳ ಕುಸಿ ಪಡೋರು."

"ಅಯ್ಯೋ! ಯಾವಾಗ?"

"ಉಗಾದಿ ಆದ್ ಮೇಲೆ."

"ಏನಾಗಿತ್ತು?"

"ಏನೂ ಆಗಿರ್ನಿಲ್ಲ. ಮುದ್ದೆ ಉಂಡ್ರು, ಕೈ ತೊಳುದ್ರು, ಓಗ್ಬುಟ್ರು."

"ಪುಣ್ಯವಂತರು ಬಿಡಿ" ಎಂದೆ.

"ಊಂ, ಅವ್ರಿಗೇನು? ಅಲ್ಲಿ ಆರಾಮಾಗವ್ರೆ. ಒದ್ದಾಡೋರು ನಾವು."

ಎಂಥ ವೇದಾಂತದ ಮಾತು! ಫೋಟೊಗೆ ಹಾರ ಇರಲಿಲ್ಲ. ಸುಧಾರಿಸಿದ ಜನ, ಇಂಥ ಆಡಂಬರಗಳಲ್ಲಿ ನಂಬಿಕೆಯಿಲ್ಲ ಎಂದುಕೊಂಡೆ. ಮದುವೆಗೆ ಅವಸರ ಮಾಡುತ್ತಿದ್ದರು. ಹಿರಿಯರು ಹೋದ ವರ್ಷದೊಳಗೇ ಮನೆಯಲ್ಲಿ ಶುಭಕಾರ್ಯವಾಗಲೆಂದು ಇರಬೇಕು ಎಂದುಕೊಂಡೆ. ಎಲ್ಲಕ್ಕೂ ಸರಿಯಾಗಿ ತಾಳೆ ಬೀಳುತ್ತಿತ್ತು. ಹೀಗೆ ಎಲ್ಲ ತಾಳೆಯಾದಾಗಲೇ ಮನುಷ್ಯ ಒಮ್ಮೆ ಬಾಯಿಬಿಟ್ಟು ಕೇಳಬೇಕು. ನಾನು ಕೇಳಲಿಲ್ಲ.

ಒಪ್ಪಿಗೆ ಶಾಸ್ತ್ರ ನಮ್ಮ ಮನೆಯಲ್ಲಿ. ನಮ್ಮ ಕಡೆ ಇಂಥ ಮಾತುಕತೆ ಎಂದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ನನ್ನ ತಮ್ಮನ ಮಗಳ ಶಾಸ್ತ್ರದಲ್ಲಿ ಊಟಕ್ಕೆ ಒಬ್ಬಟ್ಟೋ ಪಾಯಸವೋ ಎಂಬ ಬಗ್ಗೆ ಜಗಳ ಹತ್ತಿ ಸಂಬಂಧವೇ ಮುರಿಯುವುದರಲ್ಲಿತ್ತು. ನನ್ನ ಮಗಳಿಗೆ ಹಾಗಾಗಬಾರದು. "ಈ ಸಲ ಎಲ್ಲ ಪಾರ್ಲಿಮೆಂಟಿನ ಪದ್ಧತಿಯಲ್ಲಿ ನಡೀಬೇಕು" ಎಂದು ಘೋಷಿಸಿದೆ.

"ಅಲ್ಲೂ ಕಿರುಚಾಡ್ತಾರಲ್ರೀ?" ಎಂದಳು ಸಾವಿತ್ರಿ.

"ಕ್ರಮಬದ್ಧವಾಗಿ ಕಿರುಚಾಡ್ತಾರೆ!" ಎಂದೆ.

ನಡುಮನೆಯಲ್ಲಿ ಕುರ್ಚಿಗಳನ್ನು ಎದುರುಬದುರು ಹಾಕಿಸಿದೆ. ಗಂಡಿನವರು ಒಂದು ಕಡೆ, ನಮ್ಮವರು ಇನ್ನೊಂದು ಕಡೆ. ನಡುವೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯ ತಟ್ಟೆ. ಹಲಗೆ ಮಂಚದ ಮೇಲೆ ನನ್ನ ಕುರ್ಚಿ. ಸದನವನ್ನು ಹತೋಟಿಯಲ್ಲಿಡಲು ಗಂಟೆ ಬೇಕಲ್ಲ, ದೇವರ ಮನೆಯಿಂದ ತಂದುಕೊಂಡೆ. ಅಂಗಡಿ ಪಕ್ಕದಲ್ಲಿ ಟೈರ್ ಪಂಕ್ಚರ್ ಹಾಕುವ ನನ್ನ ಸ್ನೇಹಿತ ಅನ್ವರ್ ಸಾಹೇಬರನ್ನು ನನ್ನ ಆಗಮನವನ್ನು ಸಾರುವ ಮಾರ್ಷಲ್ ಎಂದು ನೇಮಿಸಿದೆ.

"ಅರೆ ಗೌಡ್ರೆ, ಟ್ಯೂಬಿಗೆ ಗಾಳಿ ಹೊಡೆಯೋನು ನಾನು. ನನ್ ಕೈಲಿ ಇದೆಲ್ಲಾ ಆಯ್ತದಾ?" ಎಂದರು ಅವರು.

"ಇದೂ ಅದೇ ಕೆಲಸ, ಸಾಹೇಬ್ರೆ" ಎಂದು ಸಾವಿತ್ರಿ ಒಳಗಿನಿಂದಲೇ ಹೇಳಿದಳು.

ಬೀಗರು ಟೆಂಪೋದಲ್ಲಿ ಬಂದಿಳಿದರು, ಕಾಫಿ ಕುಡಿದರು. ನಾನು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಚ್ಚಲ ಬಾಗಿಲ ಹತ್ತಿರ ಸಿದ್ಧನಾಗಿ ನಿಂತೆ. ಅನ್ವರ್ ಸಾಹೇಬರು ಇಡೀ ಬೀದಿಗೆ ಕೇಳುವಂತೆ ಕೂಗಿದರು: "ಮಾನ್ಯ ಸಭಾಧ್ಯಕ್ಷರೂ!"

ಯಾರೋ ಮಂತ್ರಿಗಳೇ ಬಂದರೆಂದು ಎಲ್ಲರೂ ಧಡಕ್ಕನೆ ಎದ್ದು ಬೀದಿ ಬಾಗಿಲ ಕಡೆ ನೋಡಿದರು. ನಾನು ಬಚ್ಚಲ ಕಡೆಯಿಂದ ಬಂದೆ. ಪರವಾಗಿಲ್ಲ, ಎದ್ದಂತೂ ನಿಂತಿದ್ದರು! ಮಂಚ ಹತ್ತಿ, ಎಡಕ್ಕೂ ಬಲಕ್ಕೂ ಕೈಮುಗಿದು, ಗಂಟೆ ಬಾರಿಸಿದೆ. ಚಿಕ್ಕತಾಯಮ್ಮನವರು ಕೂಡಲೇ ಸೆರಗು ಹೊದ್ದು, ಮಂಗಳಾರತಿಗೆ ಎರಡೂ ಕೈ ಚಾಚಿದರು. ಅವರನ್ನು ನೋಡಿ ಉಳಿದವರೂ ಚಾಚಿದರು. ಕೊಡಲು ನನ್ನ ಹತ್ತಿರ ಆರತಿ ಇರಲಿಲ್ಲ.

"ಮಾನ್ಯ ಸದಸ್ಯರು ಕೈ ಇಳಿಸಬೇಕು" ಎಂದೆ. "ಇಂದಿನ ಕಲಾಪ ಹೀಗಿದೆ. ಮೊದಲು ಪ್ರಶ್ನೋತ್ತರ. ಅನಂತರ ಶೂನ್ಯ ವೇಳೆ. ಶೂನ್ಯ ವೇಳೆ ಶುರುವಾದ ಕೂಡಲೇ ವೀಳ್ಯ ಬದಲಾಯಿಸಿಕೊಳ್ಳೋಣ."

ಚಿಕ್ಕತಾಯಮ್ಮನವರ ಮುಖ ಬಿಳಿಚಿಕೊಂಡಿತು. "ಏನಂದ್ರಿ? ಸೂನ್ಯನಾ? ಸೂನ್ಯದಲ್ಲಿ ಯಾರಾದ್ರೂ ಎಲೆಡಿಕೆ ಇಡ್ತಾರಾ?"

ಆಗ ನನಗೆ ಹೊಳೆಯಿತು. ಶೂನ್ಯ ಮಾಸದಲ್ಲಿ ಹೆಣ್ಣು ನೋಡುವ ಮಾತೂ ಎತ್ತದ ಜನರ ಮುಂದೆ ನಾನು ಶೂನ್ಯಕ್ಕೇ ಮುಹೂರ್ತ ಇಟ್ಟಿದ್ದೆ!

"ಇದು ಆ ಶೂನ್ಯ ಅಲ್ಲ ತಾಯಿ, ದೆಹಲಿ ಶೂನ್ಯ..."

"ಯಾವೂರ್ ಸೂನ್ಯ ಆದ್ರೂ ಸೂನ್ಯನೇ ಕಣಪ್ಪ!"

ಗಂಡಿನವರಲ್ಲಿ ಗುಸುಗುಸು ಶುರುವಾಯಿತು. ಅಡುಗೆಮನೆ ಬಾಗಿಲಲ್ಲಿ ರಶ್ಮಿ ಹಸಿರು ಸೀರೆಯುಟ್ಟು ನಿಂತಿದ್ದಳು. "ಅಪ್ಪಾ, ಸಾಕು" ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ನಾನು ಸಾಕು ಮಾಡಬಹುದಿತ್ತು. ಆದರೆ ಕೆಟ್ಟದ್ದನ್ನು ಸರಿಮಾಡಲು ಹೋಗುವ ದೊಡ್ಡ ಗುಣ ನನ್ನಲ್ಲಿದೆ. ಬೀಗಿತ್ತಿಯ ಮನಸ್ಸು ಗೆಲ್ಲಲು ಒಂದೇ ದಾರಿ ಕಂಡಿತು. ಅವರ ಮನೆಯ ಹಿರಿಯರನ್ನು ನೆನೆಯುವುದು! ಪದ್ಧತಿಯಂತೆ ಅದೇ ಮೊದಲು ಬರಬೇಕಿತ್ತು, ಮರೆತಿದ್ದೆ. ಗಂಟೆ ಬಾರಿಸಿ ಎದ್ದು ನಿಂತೆ.

"ಮಾನ್ಯ ಸದಸ್ಯರೇ, ಇಂದು ಈ ಶುಭ ಸಂದರ್ಭದಲ್ಲಿ ನಮ್ಮ ನಡುವೆ ಇಲ್ಲದ ಮಾಕವಳ್ಳಿಯ ಹಿರಿಯ ಚೇತನವೊಂದನ್ನು ಭಾರವಾದ ಹೃದಯದಿಂದ ನೆನೆಯುತ್ತೇನೆ. ಅವರು ಅಜಾತಶತ್ರುಗಳು. ಕೊಡುಗೈ ದಾನಿಗಳು. ಸೊಸೆಯನ್ನು ಮಗಳಂತೆ ಕಂಡವರು. ಅವರ ಅಗಲಿಕೆ ತುಂಬಲಾರದ ನಷ್ಟ. ಅವರ ಗೌರವಾರ್ಥ ಎಲ್ಲರೂ ಎದ್ದುನಿಂತು ಮೌನ ಆಚರಿಸಬೇಕು."

ಸೊಸೆಯನ್ನು ಮಗಳಂತೆ ಎಂದಾಗ ಚಿಕ್ಕತಾಯಮ್ಮನವರು ಗಂಡನ ಮುಖ ನೋಡಿದರು, ಗಂಡ ಸೂರು ನೋಡಿದರು. ಆದರೂ ಎಲ್ಲರೂ ಎದ್ದರು. ಮೌನಕ್ಕೆ ನಿಲ್ಲಿ ಎಂದರೆ ನಮ್ಮ ಜನ ಯಾಕೆ, ಯಾರಿಗೆ ಎಂದು ಕೇಳುವುದಿಲ್ಲ. ಊರಿನ ಯಾರೋ ಲೀಡರ್ ಹೋಗಿರಬೇಕೆಂದು ತಾವು ನಿಂತಿದ್ದಾಗಿ ಮರೀಗೌಡರು ಆಮೇಲೆ ಹೇಳಿದರು.

ಮನೆ ನಿಶ್ಶಬ್ದವಾಯಿತು. ಕುಕ್ಕರ್ ಕೂಡ ಕೂಗಲಿಲ್ಲ. ಅಷ್ಟರಲ್ಲಿ ಬೀದಿ ಬಾಗಿಲಿನಿಂದ ಪೇಟ ಕಟ್ಟಿದ ಮುದುಕರೊಬ್ಬರು ಕೊಡೆ, ಕೈಚೀಲ ಹಿಡಿದು ಒಳಗೆ ಬಂದರು. ಎಲ್ಲರೂ ತಲೆ ತಗ್ಗಿಸಿ ನಿಂತಿರುವುದನ್ನು ಕಂಡು ಪಾಪ, ಚಪ್ಪಲಿ ಬಿಟ್ಟು, ಕೊಡೆ ಗೋಡೆಗೆ ಆನಿಸಿ, ನನ್ನ ಮಂಚದ ಪಕ್ಕ ತಾವೂ ತಲೆ ತಗ್ಗಿಸಿ ನಿಂತರು. ಎಂಥ ಸಂಸ್ಕಾರವಂತರು ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು.

"ಯಾರಪ್ಪ ಓಗ್ಬುಟ್ಟಿದ್ದು?"

"ಬೀಗರ ತಂದೆ" ಎಂದೆ ನಾನೂ ಪಿಸುಮಾತಿನಲ್ಲೇ.

"ಯಾವ್ ಬೀಗ್ರು?"

"ಮಾಕವಳ್ಳಿ ಮರೀಗೌಡರ ತಂದೆಯವರು. ಉಗಾದಿ ಆದ ಮೇಲೆ. ಪುಣ್ಯಾತ್ಮರು, ಊಟ ಮಾಡಿ ಕೈ ತೊಳೆದು ಹಾಗೇ ಹೋದರಂತೆ."

ಮುದುಕರು ಯೋಚಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ನಂಗ್ ಗೊತ್ತಿರೋ ಅಂಗೆ ಮರಿಗೆ ಅಪ್ಪ ಅಂತ ಇರೋನು ನಾನೊಬ್ನೇ ಕಣಪ್ಪ."

ತಲೆಗಳು ಎದ್ದವು. "ಅಪ್ಪಾ!" ಎಂದರು ಮರೀಗೌಡರು. "ತಾತಾ!" ಎಂದ ಮಧು. "ಯಾ ಅಲ್ಲಾ!" ಎಂದರು ನನ್ನ ಮಾರ್ಷಲ್.

ಸಂಗತಿ ಇಷ್ಟು. ಉಗಾದಿ ಕಳೆದ ಮೇಲೆ ಒಂದು ದಿನ ಮುದ್ದೆಯಲ್ಲಿ ಗಂಟಿತ್ತೆಂದು ಸೊಸೆಯ ಮೇಲೆ ಮುನಿಸಿಕೊಂಡು, ಮರೀಗೌಡರ ತಂದೆ ಬೋರೇಗೌಡರು ನಾಗಮಂಗಲದ ಮಗಳ ಮನೆಗೆ ಹೋಗಿಬಿಟ್ಟಿದ್ದರು. ಅಲ್ಲಿ ಆರಾಮಾಗಿದ್ದರು. ಮೊಮ್ಮಗನ ಶಾಸ್ತ್ರ ಎಂದು ಕೇಳಿ ಮುನಿಸು ಮರೆತು ಬಸ್ಸು ಹತ್ತಿ ಬಂದಿದ್ದರು, ತಮ್ಮ ಸಂತಾಪ ಸೂಚನೆಗೆ ಸರಿಯಾಗಿ.

"ಮೊದ್ಲು ಸೂನ್ಯ ಅಂದ್ರು. ಈಗ ಬದ್ಕಿರೋರ್ನ ಸತ್ರು ಅಂದ್ರು!" ಚಿಕ್ಕತಾಯಮ್ಮನವರ ದನಿ ನಡುಗುತ್ತಿತ್ತು. "ಈ ಮನೇಲಿ ಎಲೆಡಿಕೆ ಮುಟ್ಟಾಕಿಲ್ಲ. ಏಳ್ಲಾ ಮಧು!" ಎಂದವರೇ ಹೊರಗೆ ಹೋಗಿ ಟೆಂಪೋದಲ್ಲಿ ಕೂತರು. ಹಿಂದೆಯೇ ಅವರ ತಂಗಿಯರು. ನನ್ನ ಸದನದ ಮೊದಲ ಸಭಾತ್ಯಾಗ!

"ಆ ಮಾತುಗಳನ್ನು ಕಡತದಿಂದ ತೆಗೆದುಹಾಕಲಾಗಿದೆ!" ಎಂದು ಕೂಗಿದೆ.

"ಮೊದ್ಲು ನಿಮ್ಮುನ್ನ ಮಂಚದಿಂದ ತೆಗೀಬೇಕು, ಇಳೀರಿ!" ಎಂದು ಸಾವಿತ್ರಿ ಗಂಟೆ ಕಿತ್ತುಕೊಂಡಳು.

ಇಳಿದೆ. ರಶ್ಮಿಯ ಕಣ್ಣು ತುಂಬಿತ್ತು. ಮಧು ಅತ್ತ ಹೋಗಲಾರದೆ ಇತ್ತ ಕೂರಲಾರದೆ ಹೊಸ್ತಿಲ ಮೇಲೆ ನಿಂತಿದ್ದ. ಅಲ್ಲಿಯವರೆಗೆ ಎಲ್ಲ ಆಟದಂತಿತ್ತು. ಈಗ ನಿಜವಾಗಿ ಹೆದರಿಕೆಯಾಯಿತು. ಇದ್ದೊಬ್ಬ ಮಗಳ ಆಸೆಯನ್ನು ನನ್ನ ನಾಲಿಗೆಯಿಂದ ನಾನೇ ಹಾಳುಮಾಡಿದೆನಲ್ಲ! ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಇನ್ನೊಬ್ಬರು ಹೇಳದೆ ನಾನು ಸುಮ್ಮನಾದದ್ದು ಅದೇ ಮೊದಲು.

ರಶ್ಮಿ ಕಣ್ಣೊರೆಸಿಕೊಂಡು ಒಂದು ಚೊಂಬು ನೀರು ತಂದು ಮುದುಕರಿಗೆ ಕೊಟ್ಟಳು. "ಬಿಸ್ಲಲ್ಲಿ ಬಂದಿದ್ದೀರಿ ತಾತ, ಕುಡೀರಿ. ನಮ್ಮಪ್ಪನ್ನ ಮನ್ನಿಸ್ಬುಡಿ."

ಬೋರೇಗೌಡರು ನೀರು ಕುಡಿದು ಮೀಸೆ ಒರೆಸಿಕೊಂಡರು. "ಅದಿರ್ಲಿ ಕಣವ್ವ. ನಾನ್ ಬರಕ್ ಮುಂಚೆ ನಿಮ್ಮಪ್ಪ ನನ್ ಬಗ್ಗೆ ಏನಂದ್ರು?"

"ಅಜಾತಶತ್ರು ಅಂದ್ರು."

"ಅಂಗಂದ್ರೆ?"

"ನಿಮಗೆ ವೈರಿಗಳೇ ಇಲ್ಲ ಅಂತ."

"ಓ! ಇನ್ನ?"

"ಕೊಡುಗೈ ದಾನಿ ಅಂದ್ರು. ಸೊಸೇನ ಮಗಳಂಗೆ ಕಂಡೋರು ಅಂದ್ರು."

ಮುದುಕರು ಹೊಟ್ಟೆ ಅಲುಗಿಸಿಕೊಂಡು ನಗತೊಡಗಿದರು. "ಲೇ ಮರಿ, ಕೇಳುದ್ಲಾ? ಹುಟ್ಟಿದಾಗ್ಲಿಂದ ನಂಗೆ ಒಬ್ನಾದ್ರೂ ಇಂಗಂದಿದ್ನಾ? ಕರ್ಕಬಾ ನಿನ್ ಎಂಡ್ತೀನ. ಬದ್ಕಿರೋರ್ನ ಸತ್ರು ಅಂದ್ರೆ ಆಯಸ್ಸು ಎಚ್ತದೆ ಅಂತ ನಮ್ಮವ್ವ ಏಳೋಳು. ಇದು ಅಪಸಕುನ ಅಲ್ಲ ಕಣ್ಲಾ, ಲಾಭ!"

ಚಿಕ್ಕತಾಯಮ್ಮನವರು ಬರಲಿಲ್ಲ. ಕೊನೆಗೆ ಮುದುಕರೇ ಟೆಂಪೋ ಹತ್ತಿರ ಹೋದರು. "ಬಾರವ್ವ, ನಿನ್ ಮುದ್ದೇಲಿ ಗಂಟಿರ್ನಿಲ್ಲ, ನನ್ ನಾಲ್ಗೇಲಿತ್ತು. ನೀನ್ ಮಾಡಿದ್ ಮುದ್ದೆ ಉಣ್ಣಕ್ಕೇ ವಾಪಸ್ ಬತ್ತಾವ್ನಿ" ಎಂದರು. ಆಕೆ ಅತ್ತರು, ಮೂಗೊರೆಸಿಕೊಂಡರು, ಹಲ್ಲಿಯ ಶಕುನಕ್ಕೆಂದು ಸ್ವಲ್ಪ ಕಾದರು, ಅನಂತರ ಒಳಗೆ ಬಂದರು. ತಟ್ಟೆಗಳು ಅದಲುಬದಲಾದವು. ರಶ್ಮಿಯ ಮುಖ ನೋಡಿ ನನಗೇ ಅಳು ಬಂತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸದನ ಅಧ್ಯಕ್ಷರಿಲ್ಲದೆ ಬಲು ಚೆನ್ನಾಗಿ ನಡೆಯಿತು.

ಊಟಕ್ಕೆ ಏಳುವಾಗ ಬೋರೇಗೌಡರು ಕೈಯೆತ್ತಿದರು. "ಒಂದ್ ಸರತ್ತು. ಈವಯ್ಯ ನನ್ ಬಗ್ಗೆ ಆಡಿದ್ ಮಾತ್ನ ನಾನು ಕಿವಿಯಾರ ಕೇಳ್ನಿಲ್ಲ. ನಾನು ದಿಟವಾಗ್ಲೂ ಓಗ್ಬುಟ್ಟ ದಿನ ಇವ್ರೇ ಬಂದು, ಇನ್ನೂ ಜೋರಾಗಿ ಮಾತಾಡ್ಬೇಕು. ಅಲ್ಲೀಗಂಟ ನಮ್ ಎರಡೂ ಮನೆ ಕಾರ್ಯದಲ್ಲಿ ಇವ್ರು ಬಾಯ್ ಬುಡಂಗಿಲ್ಲ. ಆಯ್ತಾ?"

"ಆಯ್ತು!" ಎಂದರು ಎರಡೂ ಕಡೆಯವರು. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಸಾವಿತ್ರಿಯ ದನಿ.

ಮದುವೆ ಮುಗಿದು ಈಗ ವರ್ಷದ ಮೇಲಾಯಿತು. ಧಾರೆಯಲ್ಲಿ ಪುರೋಹಿತರು ಹೇಳಿಕೊಟ್ಟದ್ದನ್ನು ಬಿಟ್ಟು ಒಂದಕ್ಷರ ನಾನಾಡಲಿಲ್ಲ. ಬೋರೇಗೌಡರು ಮಾಕವಳ್ಳಿಯಲ್ಲಿ ಗುಂಡುಕಲ್ಲಿನಂತಿದ್ದಾರೆ. ಗದ್ದೆ ಬದುವಿನ ಮೇಲೆ ನನಗಿಂತ ಜೋರಾಗಿ ನಡೆಯುತ್ತಾರೆ. ಸಾವಿತ್ರಿ ತಪ್ಪದೆ ಅವರಿಗೆ ನಾಟಿ ಹಸುವಿನ ತುಪ್ಪ ಕಳಿಸುತ್ತಾಳೆ. ಮೊನ್ನೆ ಅವರಿಗೆ ಕೊಂಚ ಕೆಮ್ಮು ಎಂದು ಮಗಳು ಫೋನಿನಲ್ಲಿ ಹೇಳಿದ್ದೇ ತಡ, ಇವಳು ಕಷಾಯದ ಪುಡಿ ಕುಟ್ಟಿ ಕಟ್ಟಿಟ್ಟು, ಮನೆದೇವರಿಗೆ ಹರಕೆಯನ್ನೂ ಹೊತ್ತಳು.

"ಬೀಗರ ತಂದೆ ಅಂದ್ರೆ ನಿನಗೆ ಇಷ್ಟೊಂದು ಅಕ್ಕರೆ ಅಂತ ಗೊತ್ತಿರಲಿಲ್ಲ ಕಣೆ" ಎಂದೆ, ಮನಸ್ಸು ತುಂಬಿ.

"ಅಕ್ಕರೆ ಐತೆ, ಇಲ್ಲ ಅಂತಲ್ಲ" ಎಂದಳು ಸಾವಿತ್ರಿ. "ಆದ್ರೆ ಅವ್ರು ಓಗ್ಬುಟ್ರೆ ನೀವು ಮಾತಾಡ್ಬೇಕಲ್ರೀ!"